ಮಂಚದ ಪಕ್ಕದ ಗಾಳಿ ಸುರಂಗ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ವಾರ. ಹೌದು, ಬರೀ ಏಳು ದಿನ. ಮೂರು ವರ್ಷದ ಹಿಂದೆ ಶಾಲೆಯ ಪ್ರಯೋಗಾಲಯದ ಚಾವಣಿ ಸೋರತೊಡಗಿದಾಗ ಹೆಡ್‌ಮಿಸ್ಸು ವಿಜ್ಞಾನದ ಮೇಷ್ಟ್ರನ್ನು ಕರೆದು, "ಸಾರ್, ರಿಪೇರಿ ಆಗೋ ತನಕ ಈ ಸಾಮಾನೆಲ್ಲ ನಿಮ್ಮನೇಲಿ ಇಟ್ಕೊಂಡಿರಿ. ಒಂದೇ ಒಂದು ವಾರ," ಎಂದಿದ್ದರು. ಮೇಷ್ಟ್ರು ತಲೆಯಾಡಿಸಿದ್ದರು. ಆಡಿಸುವ ಮುಂಚೆ ಆ ತಲೆಯನ್ನು ಸ್ವಲ್ಪ ಉಪಯೋಗಿಸಿದ್ದರೆ ನಾನು ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಚಾವಣಿ ರಿಪೇರಿಯಾಗಲಿಲ್ಲ, ಬಿದ್ದೇ ಹೋಯಿತು. ಸಾಮಾನು ಮೇಷ್ಟ್ರ ಮನೆಯಲ್ಲೇ ಬೇರು ಬಿಟ್ಟಿತು. ಶಾಲೆಯ ರಿಜಿಸ್ಟರಿನಲ್ಲಿ 'ಇರುವ ಸ್ಥಳ' ಎಂಬ ಕಾಲಮ್ಮಿನ ಕೆಳಗೆ ನೂರ ಹನ್ನೆರಡು ಐಟಮ್ಮುಗಳಿಗೂ 'ತಾತ್ಕಾಲಿಕವಾಗಿ ಶಿಕ್ಷಕರ ಮನೆ' ಎಂದು ಬರೆದು ಹೆಡ್‌ಮಿಸ್ಸು ನೆಮ್ಮದಿಯಾಗಿದ್ದರು. ಇತ್ತ ಅಡುಗೆಮನೆಯ ಶೆಲ್ಫಿನಲ್ಲಿ ಲೋಟಗಳ ಜಾಗಕ್ಕೆ ಗಾಜಿನ ಕೊಳವೆಗಳು ಬಂದಿದ್ದವು. ಆಯಸ್ಕಾಂತಗಳ ಡಬ್ಬಿ ಚಮಚಗಳ ಪಕ್ಕದಲ್ಲಿದ್ದದ್ದರಿಂದ ಒಂದು ಚಮಚ ತೆಗೆಯಲು ಹೋದರೆ ಆರು ಬರುತ್ತಿದ್ದವು. ಬಾಗಿಲ ಹಿಂದೆ ನಿಂತಿದ್ದ ಪ್ಲಾಸ್ಟಿಕ್ಕಿನ ಅಸ್ಥಿಪಂಜರಕ್ಕೆ ಹೆಂಡತಿ ಕೊಡೆ, ಕೈಚೀಲ ನೇತುಹಾಕುತ್ತಿದ್ದಳು. ಅದೊಂದೇ ಈ ಮನೆಯಲ್ಲಿ ತನಗೆ ಸಹಾಯ ಮಾಡುವ ಗಂಡಸು ಎನ್ನುತ್ತಿದ್ದಳು.

ಇದು ಸಾಲದೆಂದು ಮೇಷ್ಟ್ರು ಸ್ವಂತ ಕೈಯಾರೆ ಒಂದು ಗಾಳಿ ಸುರಂಗ ಬೇರೆ ಮಾಡಿದ್ದರು. ಫ್ರಿಜ್ಜಿನ ಎರಡು ಪೆಟ್ಟಿಗೆಗಳನ್ನು ಜೋಡಿಸಿ, ಅಡಿಗೆ ಪ್ಲೈವುಡ್ ಹೊಡೆದು, ಬಿಳಿ ಬಣ್ಣ ಬಳಿದ ಆರಡಿ ಉದ್ದದ ಡಬ್ಬ. ಒಂದು ತುದಿಯಲ್ಲಿ ಟೇಬಲ್ ಫ್ಯಾನು. ನಡುವೆ ಸ್ಪ್ರಿಂಗಿಗೆ ತೂಗುಬಿದ್ದ ಥರ್ಮೋಕೋಲಿನ ಪುಟ್ಟ ರೆಕ್ಕೆ. ಫ್ಯಾನು ಹಾಕಿದರೆ ಗಾಳಿ ಬೀಸಿ ರೆಕ್ಕೆ ಮೇಲೇಳುತ್ತದೆ, ಮಕ್ಕಳು ಪಕ್ಕದ ಪ್ಲಾಸ್ಟಿಕ್ ಕಿಟಕಿಯಿಂದ ನೋಡಬಹುದು. ಮೂರು ವರ್ಷದಿಂದ ಒಂದು ಮಗುವೂ ನೋಡಿರಲಿಲ್ಲ. ಅದು ಮೇಷ್ಟ್ರ ಮಂಚಕ್ಕೂ ಗೋಡೆಗೂ ನಡುವೆ ಮಲಗಿತ್ತು, ಅದರ ಮೇಲೆ ಮಡಚಿದ ಬಟ್ಟೆಗಳು ಮಲಗಿದ್ದವು.

ಆ ದಿನ ಬೆಳಿಗ್ಗೆ ಏಳಕ್ಕೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಸಾಯಂಕಾಲ ಐದಕ್ಕೆ ನಮ್ಮಮ್ಮ ಬರ್ತಾಳೆ. ಕಣ್ಣಿನ ಆಪರೇಷನ್ ಆಗಿದೆ, ಅಲ್ಲಾಡದೆ ಮಲಗಿರ್ಬೇಕು ಅಂದಿದ್ದಾರೆ. ಎಲ್ಲಿ ಮಲಗಿಸ್ಲಿ? ನಿಮ್ಮ ಸುರಂಗದೊಳಗಾ?"

"ಇವತ್ತು ಎಲ್ಲ ಹೋಗುತ್ತೆ ಕಣೇ. ಆಣೆ ಮಾಡಿ ಹೇಳ್ತೀನಿ."

"ಮೂರು ವರ್ಷದಿಂದ ಮಾಡ್ತಿದ್ದೀರಿ. ಇವತ್ತು ಈ ಡಬ್ಬ ಮನೆ ಬಿಟ್ಟು ಹೋಗಿ ವಾಪಸ್ ಬಂತೋ, ನನ್ನನ್ನ ಏನೂ ಕೇಳ್ಬೇಡಿ."

ಮೇಷ್ಟ್ರು ಸುಮ್ಮನೆ ಹೇಳಿದ್ದಲ್ಲ. ಅವತ್ತು ಶಾಲೆಗೆ ತಪಾಸಣೆಯ ಅಧಿಕಾರಿ ಬರುವವರಿದ್ದರು. ಸ್ಟಾಫ್ ರೂಮಿನ ಪಕ್ಕ ಒಂದು ಕೋಣೆ ಖಾಲಿಯಾಗಿತ್ತು. ಅದನ್ನು ಪ್ರಯೋಗಾಲಯ ಮಾಡಿ ಎಂದು ಮೇಷ್ಟ್ರು ಅರ್ಜಿ ಕೊಟ್ಟಿದ್ದರು. ತನ್ನ ಚೆಂಡು, ಚಾಪೆ, ಡಂಬೆಲ್ಲುಗಳಿಗೆ ಬೇಕು ಎಂದು ಡ್ರಿಲ್ ಮೇಷ್ಟ್ರೂ ಕೊಟ್ಟಿದ್ದರು. ಹೆಡ್‌ಮಿಸ್ಸು ಜಾಣೆ. "ಸಾಹೇಬ್ರು ನಿಮ್ಮ ಪಾಠ ನೋಡ್ತಾರೆ. ಪ್ರಯೋಗಾಲಯ ಬೇಕೋ ಬೇಡ್ವೋ ಅಂತ ಅವರೇ ಬರೀತಾರೆ. ನನಗ್ಯಾಕೆ ತಲೆನೋವು?" ಎಂದು ಕೈತೊಳೆದುಕೊಂಡಿದ್ದರು. ಏಳನೇ ಕ್ಲಾಸಿಗೆ 'ಗಾಳಿ ಮತ್ತು ಹಾರಾಟ' ಪಾಠ. ಮೇಷ್ಟ್ರ ಲೆಕ್ಕಾಚಾರ ಸರಳ: ಉಪಕರಣದ ಮೇಲೆ ಉಪಕರಣ ತೋರಿಸಬೇಕು, ಇಷ್ಟೊಂದು ಸಾಮಾನಿಗೆ ಕೋಣೆ ಬೇಡವೇ ಎಂದು ಸಾಹೇಬರಿಗೇ ಅನ್ನಿಸಬೇಕು.

ರಿಜಿಸ್ಟರು ಹಿಡಿದು ಐಟಮ್ಮುಗಳನ್ನು ಟಿಕ್ ಮಾಡುತ್ತ ಬಂದರು. ನಲವತ್ತೊಂದನೆಯದಕ್ಕೆ ನಿಂತರು. 'ಬಿಸಿಗಾಳಿ ಊದುವ ಯಂತ್ರ – ೧'. ಅಂದರೆ ಹೇರ್ ಡ್ರೈಯರ್. ಅದರ ಮೂತಿ ಮೇಲಕ್ಕೆ ಮಾಡಿ ಪಿಂಗ್‌ಪಾಂಗ್ ಚೆಂಡನ್ನು ಬಿಟ್ಟರೆ ಚೆಂಡು ಗಾಳಿಯಲ್ಲೇ ನಿಂತು ಕುಣಿಯುತ್ತದೆ, ಬೀಳುವುದಿಲ್ಲ. ಪಾಠದ ಜೀವವೇ ಅದು.

"ಡ್ರೈಯರ್ ಎಲ್ಲೇ?"

"ಮೇಲಿನ ಮನೆಯಾಕೆ ತಗೊಂಡು ಹೋದ್ಲು. ಎರಡು ತಿಂಗಳಾಯ್ತು."

"ಸರ್ಕಾರಿ ಸಾಮಾನು ಕಣೇ ಅದು!"

"ಸರ್ಕಾರದವರು ಬಂದು ಕೇಳ್ಲಿ, ಕೊಡ್ತಾಳೆ."

ಮೇಲಿನ ಮನೆಯಾಕೆ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ನೋಡಿದರೆ ಐಟಂ ನಲವತ್ತೊಂದು ಒಬ್ಬ ದಪ್ಪನೆಯ ಹೆಂಗಸಿನ ತಲೆಯ ಮೇಲೆ ಭೋರೆನ್ನುತ್ತಿತ್ತು. ಅರ್ಧ ತಲೆ ಒಣಗಿತ್ತು, ಇನ್ನರ್ಧ ತೊಟ್ಟಿಕ್ಕುತ್ತಿತ್ತು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಇವರದ್ದು ಮುಗೀಲಿ."

"ನನಗೆ ಟೈಮಿಲ್ಲಮ್ಮ. ವಿಮಾನ ಹೇಗೆ ಹಾರುತ್ತೆ ಅಂತ ತೋರಿಸ್ಬೇಕು."

"ಇದ್ರಲ್ಲಾ?" ಆಕೆ ಡ್ರೈಯರನ್ನು ತಿರುಗಿಸಿ ನೋಡಿದಳು. "ಇದು ತಲೆಕೂದಲನ್ನೇ ಸರಿಯಾಗಿ ಹಾರಿಸಲ್ಲ."

ಆ ಹೆಂಗಸು ಕನ್ನಡಿಯಿಂದಲೇ ಮೇಷ್ಟ್ರನ್ನು ದುರುಗುಟ್ಟಿ, "ಅರ್ಧ ತಲೇಲಿ ನಾನು ಆಫೀಸಿಗೆ ಹೋಗ್ಲಾ?" ಎಂದಳು. ಮೇಷ್ಟ್ರು ಕೂತರು. ಇಪ್ಪತ್ತೈದು ನಿಮಿಷ ಅನ್ಯರ ತಲೆ ಒಣಗುವುದನ್ನು ನೋಡುತ್ತ ಕೂರುವ ಕರ್ಮ ಯಾವ ಶತ್ರುವಿಗೂ ಬೇಡ.

ಕೆಳಗೆ ಗಾಡಿಯವನು ತಳ್ಳುಗಾಡಿ ತಂದು ನಿಂತು ಬೈಯುತ್ತಿದ್ದ. ಹಳೇ ಪೇಪರ್ ಕೊಳ್ಳುವವನು. ಸುರಂಗವನ್ನು ಹೊರಗೆ ತರುವಾಗ ಬಾಗಿಲಿಗೆ ಸಿಕ್ಕಿ ಒಂದು ಮೂಲೆ ಕಿತ್ತು ಬಂತು. ಹೆಂಡತಿ, ಧೂಳು ಕೂರದಿರಲಿ ಪಾಪ ಎಂದು, ಅದರ ಮೇಲೆ ಒಂದು ಬಿಳಿ ಬೆಡ್‌ಶೀಟು ಹೊದಿಸಿ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಸಿಕ್ಕಿಸಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಆ ಡಬ್ಬದ ಮೇಲೆ ತೋರಿಸಿದ ಅಕ್ಕರೆ ಅದು. ಅದೇ ಮುಳುವಾಯಿತು.

ಗಾಡಿ ದೊಡ್ಡ ರಸ್ತೆಗೆ ಬಂತು. ಗಾಡಿಯವನು ಮುಂದೆ, ಮೇಷ್ಟ್ರು ಹಿಂದೆ, ಡ್ರೈಯರನ್ನು ಎದೆಗವಚಿಕೊಂಡು, ತಡವಾಯಿತಲ್ಲ ಎಂದು ಮುಖ ಕಿವುಚಿಕೊಂಡು. ರಸ್ತೆಬದಿಯ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಚೌಕದಲ್ಲಿದ್ದ ಪೊಲೀಸು ಎರಡೂ ಕಡೆಯ ಗಾಡಿಗಳನ್ನು ತಡೆದು ಟೋಪಿ ತೆಗೆದ. ಮೇಷ್ಟ್ರಿಗೆ ಖುಷಿಯಾಯಿತು. ವಿಜ್ಞಾನಕ್ಕೆ ಇಷ್ಟು ಗೌರವ ಕೊಡುವ ಜನ ಇನ್ನೂ ಇದ್ದಾರಲ್ಲ ಎಂದುಕೊಂಡರು.

ಔಷಧಿ ಅಂಗಡಿಯವರು ಕೆಳಗಿಳಿದು ಬಂದು ಮೇಷ್ಟ್ರ ಭುಜ ಹಿಡಿದರು.

"ಯಾವಾಗ ಮೇಷ್ಟ್ರೇ?"

"ಈಗ್ಲೇ. ಎಂಟೂಮುಕ್ಕಾಲಿಗೆ ಹೊರಟಿದ್ದು. ಆಗ್ಲೇ ತಡವಾಯ್ತು."

"ನೋವೇನೂ ಪಡಲಿಲ್ಲ ತಾನೇ?"

"ಬಾಗಿಲು ದಾಟಿಸುವಾಗ ಒಂದು ಮೂಲೆ ಕಿತ್ತುಬಂತು. ಗೋಂದು ಹಾಕಿ ಅಂಟಿಸ್ತೀನಿ."

ಅಂಗಡಿಯವರು ಬೆಚ್ಚಿ ಕೈ ತೆಗೆದರು. "ಎಷ್ಟು... ಎಷ್ಟು ವಯಸ್ಸು?"

"ಮೂರು ವರ್ಷ."

"ಅಯ್ಯೋ ದೇವ್ರೇ! ಇಷ್ಟುದ್ದ ಇದೆ?"

ಆಗ ಮೇಷ್ಟ್ರಿಗೆ ಹೊಳೆಯಿತು. "ಯಾರೂ ಸತ್ತಿಲ್ಲ ಸ್ವಾಮಿ! ಇದು ಗಾಳಿ ಸುರಂಗ! ವಿಮಾನದ ಪಾಠ!" ಎಂದು ಕೂಗಿಕೊಂಡರು.

ಔಷಧಿ ಅಂಗಡಿಯವರ ಕಣ್ಣು ತುಂಬಿತು. ಪಕ್ಕದವನಿಗೆ ಮೆಲ್ಲಗೆ, "ದುಃಖ ತಲೆಗೇರಿದೆ. ಒಬ್ಬರನ್ನೇ ಬಿಡಬಾರ್ದು," ಎಂದರು. ಹೇಳಿ ಸುಮ್ಮನಿದ್ದರೆ ಅವರು ಔಷಧಿ ಅಂಗಡಿಯವರೇ ಅಲ್ಲ. ಶಾಲೆಗೆ ಫೋನ್ ಮಾಡಿದರು.

ಗಾಡಿ ಶಾಲೆಯ ಗೇಟು ಹೊಕ್ಕಾಗ ಮುನ್ನೂರು ಮಕ್ಕಳು ಮೈದಾನದಲ್ಲಿ ಸಾಲಾಗಿ ತಲೆತಗ್ಗಿಸಿ ನಿಂತಿದ್ದರು. ಡ್ರಿಲ್ ಮೇಷ್ಟ್ರು ಗದ್ಗದ ಕಂಠದಲ್ಲಿ, "ಒಂದು ನಿಮಿಷ ಮೌನ! ಅಲ್ಲಾಡ್ಬಾರ್ದು!" ಎಂದು ಗದರಿಸುತ್ತಿದ್ದರು. ಹೆಡ್‌ಮಿಸ್ಸು ಕರ್ಚೀಫು ಹಿಡಿದಿದ್ದರು. ಮೇಷ್ಟ್ರು ಬೆಡ್‌ಶೀಟು ಕಿತ್ತೆಸೆದರು. ಒಳಗಿನ ಫ್ಯಾನು ಎಲ್ಲರನ್ನೂ ನೋಡಿತು.

"ಯಾರೂ ಸತ್ತಿಲ್ಲ ಅಂತ ಮುಂಚೇನೇ ಹೇಳೋದಲ್ವಾ ಸಾರ್?" ಹೆಡ್‌ಮಿಸ್ಸು ಸಿಡುಕಿದರು. "ಸಾಹೇಬ್ರು ಬರೋ ದಿನ ಇದೆಲ್ಲ ಬೇಕಿತ್ತಾ?"

ಯಾರೂ ಸಾಯದಿದ್ದದ್ದಕ್ಕೆ ಕ್ಷಮೆ ಕೇಳಿ ಮೇಷ್ಟ್ರು ಒಳಗೆ ಓಡಿದರು.

ಈಗ ಡ್ರಿಲ್ ಮೇಷ್ಟ್ರ ವಿಷಯ ಹೇಳಬೇಕು. ಕೋಣೆಗಾಗಿ ಪೈಪೋಟಿ ಇದ್ದರೂ ಆ ಮನುಷ್ಯನ ಮನಸ್ಸಿನಲ್ಲಿ ಕೆಟ್ಟದ್ದು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೆಡುಕು ಮಾಡುವವನಿಂದ ತಪ್ಪಿಸಿಕೊಳ್ಳಬಹುದು, ಸಹಾಯ ಮಾಡಲು ಹೊರಟವನಿಂದ ಹೇಗೆ?

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಲೋಟದ ಪ್ರಯೋಗ ಒಮ್ಮೆ ಮಾಡಿ ನೋಡುತ್ತಿದ್ದರು. ಲೋಟದ ತುಂಬ ನೀರು, ಬಾಯಿಗೆ ಒಂದು ದಪ್ಪ ಕಾರ್ಡು, ಕೈಯಿಂದ ಒತ್ತಿ ತಲೆಕೆಳಗು ಮಾಡಿ ಕೈ ತೆಗೆದರೆ ನೀರು ಬೀಳುವುದಿಲ್ಲ. ಕೆಳಗಿನಿಂದ ಗಾಳಿ ಕಾರ್ಡನ್ನು ಒತ್ತಿ ಹಿಡಿದಿರುತ್ತದೆ. ಡ್ರಿಲ್ ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು.

"ಅಬ್ಬಬ್ಬಾ! ಕೊಡಿ ಸಾರ್, ನಾನು ಹಿಡ್ಕೋತೀನಿ. ನೀವು ಬೇರೆ ಕೆಲ್ಸ ನೋಡಿ."

"ಬೇಡ, ಇಡಿ ಸಾರ್..."

"ಇರ್ಲಿ ಬಿಡಿ ಸಾರ್, ನಾವೆಲ್ಲ ಇರೋದ್ಯಾಕೆ?" ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕೆಳಗಿನಿಂದ ಬಗ್ಗಿ ನೋಡಿದರು. "ನಿಜವಾಗ್ಲೂ ಅಂಟು ಹಾಕಿಲ್ವಾ ಸಾರ್?" ಎಂದು ಕಾರ್ಡನ್ನು ಎಳೆದೇ ಬಿಟ್ಟರು.

ಅಂಟು ಹಾಕಿರಲಿಲ್ಲ. ನೀರೆಲ್ಲ ಮೇಜಿನ ಮೇಲಿದ್ದ ಪಾಠದ ಟಿಪ್ಪಣಿಯ ಮೇಲೆ ಬಿತ್ತು. ನಾಲ್ಕು ದಿನ ಕೂತು ಬರೆದ ಏಳು ಪುಟ ನೀಲಿ ಗಂಜಿಯಾಯಿತು. ಲೋಟ ನೆಲಕ್ಕೆ ಬಿದ್ದು ಚೂರಾಯಿತು.

"ಹಾಕಿಲ್ಲ ಸಾರ್," ಎಂದರು ಡ್ರಿಲ್ ಮೇಷ್ಟ್ರು, ಭಕ್ತಿಯಿಂದ.

ಮೇಷ್ಟ್ರಿಗೆ ಮೈ ಪರಚಿಕೊಳ್ಳುವಂತಾಯಿತು. ಹೋಗಲಿ, ಎರಡು ಬಲೂನುಗಳ ಪ್ರಯೋಗ ಇದೆಯಲ್ಲ ಎಂದು ಚೀಲಕ್ಕೆ ಕೈ ಹಾಕಿದರು. ದಾರ ಕಟ್ಟಿ ಅಕ್ಕಪಕ್ಕ ತೂಗುಹಾಕಿ ನಡುವೆ ಊದಿದರೆ ದೂರ ಹೋಗುವ ಬದಲು ಹತ್ತಿರ ಬರುತ್ತವೆ, ನೋಡಿದವರು ಹುಬ್ಬೇರಿಸುತ್ತಾರೆ. ಚೀಲದಲ್ಲಿ ದಾರವಿತ್ತು, ಬಲೂನಿರಲಿಲ್ಲ. ಅಟೆಂಡರು ಕಿಟಕಿಯಿಂದ ಹೆಮ್ಮೆಯಾಗಿ ತೋರಿಸಿದ. ಇಡೀ ಪ್ಯಾಕೆಟ್ ಬಲೂನು ಉಬ್ಬಿಸಿ ಗೇಟಿಗೆ ಕಟ್ಟಿದ್ದ.

"ಸ್ವಾಗತಕ್ಕೆ ಸಾರ್. ಮೇಡಂ ಅಲಂಕಾರ ಮಾಡು ಅಂದ್ರು. ನಿಮ್ಮ ಚೀಲದಲ್ಲೇ ಸಿಕ್ತು, ಪುಣ್ಯಕ್ಕೆ."

"ಎರಡು ಬಿಚ್ಕೊಂಡು ಬಾರೋ ಮಾರಾಯ!"

ಅವನು ಬಿಚ್ಚಲು ಹೋಗುವಷ್ಟರಲ್ಲಿ ಬಿಸಿಲಿಗೆ ಒಂದು ಢಮ್ಮೆಂದಿತು. ಅದರ ಹಿಂದೆ ಇನ್ನೊಂದು. ಅದೇ ಹೊತ್ತಿಗೆ ಗೇಟಿನೊಳಗೆ ಬರುತ್ತಿದ್ದ ಸಾಹೇಬರ ಜೀಪು ಗಕ್ಕನೆ ನಿಂತಿತು. ಒಳಗಿದ್ದವರು ಸೀಟಿನ ಕೆಳಗೆ ಬಗ್ಗಿದ್ದು ಎಲ್ಲರಿಗೂ ಕಾಣಿಸಿತು. ಮಿಕ್ಕ ಬಲೂನುಗಳನ್ನು ಹೆಡ್‌ಮಿಸ್ಸೇ ನಿಂತು ಒಡೆಸಿದರು.

ಆದರೂ ಮೇಷ್ಟ್ರು ಧೈರ್ಯಗೆಡಲಿಲ್ಲ. ಸುರಂಗವಿತ್ತು, ಡ್ರೈಯರಿತ್ತು. ಎರಡನ್ನೂ ಏಳನೇ ಕ್ಲಾಸಿನಲ್ಲಿ ಜೋಡಿಸಿ ಪ್ಲಗ್ ಸಿಕ್ಕಿಸಿ ಪರೀಕ್ಷೆ ಮಾಡಿದರು. ಫ್ಯಾನು ತಿರುಗಿತು, ರೆಕ್ಕೆ ಪಟಪಟನೆ ಮೇಲೆದ್ದಿತು. ಮಕ್ಕಳು ಓ ಎಂದರು. ಮೇಷ್ಟ್ರ ಮುಖದಲ್ಲಿ ಅವತ್ತಿನ ಮೊದಲ ನಗು ಮೂಡಿತು.

ಆ ನಗುವಿಗೆ ಆಯಸ್ಸಿರಲಿಲ್ಲ. ಪಕ್ಕದ ಹಾಲಿನಲ್ಲಿ, ಮಕ್ಕಳ ಸ್ವಾಗತಗೀತೆ ಸಾಹೇಬರಿಗೆ ಸರಿಯಾಗಿ ಕೇಳಲಿ ಎಂದು ಡ್ರಿಲ್ ಮೇಷ್ಟ್ರು ನಾಲ್ಕು ದೊಡ್ಡ ಸ್ಪೀಕರುಗಳನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು. 'ಬನ್ನಿರಿ' ಎಂಬ ಒಂದು ಪದ ಇಡೀ ಬೀದಿಗೆ ಕೇಳಿಸಿತು. ಆಮೇಲೆ ಫಟ್ ಎಂದು ಇಡೀ ಶಾಲೆಯ ಕರೆಂಟು ಹೋಯಿತು. ಸುರಂಗದ ರೆಕ್ಕೆ ನಿಧಾನವಾಗಿ ಕೆಳಗಿಳಿದು ನೇತಾಡಿತು.

ಅಷ್ಟರಲ್ಲಿ ಹೆಡ್‌ಮಿಸ್ಸಿನ ಜೊತೆ ಸಾಹೇಬರು ಕ್ಲಾಸಿನೊಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ದೊಡ್ಡ ಆಳು, ಬೆವರುತ್ತಿದ್ದರು. ಫೈಲು ತೆರೆದು, "ಹೂಂ, ಶುರು ಮಾಡಿ," ಎಂದು ಕಣ್ಣು ಅರ್ಧ ಮುಚ್ಚಿದರು.

ಮೇಷ್ಟ್ರು ನಿಂತರು. ಟಿಪ್ಪಣಿ ಇಲ್ಲ, ಲೋಟ ಇಲ್ಲ, ಬಲೂನಿಲ್ಲ, ಕರೆಂಟಿಲ್ಲ. ಕೋಣೆ ಕೈತಪ್ಪಿತು ಎನ್ನುವುದು ಖಾತ್ರಿಯಾಗಿತ್ತು. ಐದು ಗಂಟೆಗೆ ಬರುವ ಅತ್ತೆಯ ಮುಖ ಕಣ್ಮುಂದೆ ಬಂತು, ಅದರ ಹಿಂದೆಯೇ ಹೆಂಡತಿಯದೂ ಬಂತು.

ಮೂರನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಈ ಹುಡುಗಿಗೆ ಸ್ಟಾಫ್ ರೂಮಿನಲ್ಲಿ 'ಯಾಕೆ ಸಾರ್' ಎಂದೇ ಹೆಸರು. ಅವಳಿಗೆ ಉತ್ತರ ಹೇಳಿ ಹೇಳಿ ಗಣಿತದ ಮಿಸ್ಸು ಎರಡು ಸಲ ರಜೆ ಹಾಕಿದ್ದರು.

"ಯಾಕೆ ಸಾರ್ ಶುರು ಮಾಡ್ತಿಲ್ಲ?"

"ಮಾಡ್ತೀನಮ್ಮ. ಪುಸ್ತಕ ತೆಗೀರಿ."

"ಓದ್ಕೊಂಡು ಬಂದಿದ್ದೀನಿ ಸಾರ್. ರೆಕ್ಕೆ ಮೇಲುಗಡೆ ಉಬ್ಬಿರೋದ್ರಿಂದ ಮೇಲೆ ಹೋಗೋ ಗಾಳಿಗೆ ದಾರಿ ಉದ್ದವಂತೆ. ಕೆಳಗೆ ಹೋದ ಗಾಳಿನ ಹಿಂದುಗಡೆ ಸರಿಯಾದ ಟೈಮಿಗೆ ಸೇರ್ಕೋಬೇಕಲ್ಲ ಅಂತ ಅದು ಬೇಗ ಬೇಗ ಓಡುತ್ತಂತೆ. ಯಾಕೆ ಸಾರ್ ಸೇರ್ಕೋಬೇಕು? ಅವೆರಡೂ ಮೊದಲೇ ಮಾತಾಡ್ಕೊಂಡಿರುತ್ವಾ?"

ಬೇರೆ ದಿನವಾಗಿದ್ದರೆ ಮೇಷ್ಟ್ರು, ಪುಸ್ತಕದಲ್ಲಿರೋದನ್ನ ಬರ್ಕೊಳ್ಳಮ್ಮ, ಪರೀಕ್ಷೆಗೆ ಅದೇ ಬರುತ್ತೆ ಎನ್ನುತ್ತಿದ್ದರು. ಆದರೆ ಬೆಳಗಿನಿಂದ ಒದ್ದೆ ತಲೆ, ಹೆಣದ ಮೆರವಣಿಗೆ, ನೀಲಿ ಗಂಜಿ ಎಲ್ಲ ಸೇರಿ ಒಳಗೆ ಕುದಿಯುತ್ತಿತ್ತು. ತಡೆದುಕೊಂಡಿದ್ದೆಲ್ಲ ಒಮ್ಮೆಲೇ ಹೊರಬಂತು.

"ಇಲ್ಲ ಕಣಮ್ಮ, ಇಲ್ಲ! ಯಾವ ಗಾಳಿಗೂ ಯಾವ ಗಾಳಿಯ ಹಂಗೂ ಇಲ್ಲ! ಮೇಲಿನದ್ದು ಬೇಗ ಹೋಗೋದು ನಿಜ, ಆದರೆ ಕೆಳಗಿನದ್ದಕ್ಕೋಸ್ಕರ ಅಲ್ಲ. ಅದಕ್ಕಿಂತ ಮುಂಚೇನೇ ಹೋಗಿ ಸೇರಿರುತ್ತೆ! ಪುಸ್ತಕದಲ್ಲಿ ತಪ್ಪು ಬರೆದಿದ್ದಾರೆ!"

ಹೆಡ್‌ಮಿಸ್ಸು ಹಣೆಗೆ ಕೈಯಿಟ್ಟರು. ಸಾಹೇಬರ ಕಣ್ಣು ಪೂರ್ತಿ ತೆರೆದುಕೊಂಡಿತು.

ಮೇಷ್ಟ್ರಿಗೆ ಈಗ ಯಾರ ಭಯವೂ ಉಳಿದಿರಲಿಲ್ಲ. "ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿದ್ದೀರೇನ್ರೋ?"

"ಹಾಕಬಾರ್ದು ಅಂತ ಬರ್ದಿರ್ತಾರೆ ಸಾರ್."

"ಹಾಕಿದ್ದೀರಾ ಇಲ್ವಾ?"

"ಹೂಂ ಸಾರ್," ಎಂದಿತು ಇಡೀ ಕ್ಲಾಸು.

"ಅಂಗೈ ಸ್ವಲ್ಪ ಓರೆ ಮಾಡಿ, ಮುಂದಿನ ಅಂಚು ಮೇಲೆತ್ತಿದ್ರೆ ಏನಾಗುತ್ತೆ?"

"ಕೈ ಮೇಲಕ್ಕೆ ಹೋಗುತ್ತೆ ಸಾರ್!"

"ಅಷ್ಟೇ! ನೀವು ಗಾಳಿನ ಕೆಳಕ್ಕೆ ತಳ್ತೀರಿ, ಗಾಳಿ ನಿಮ್ಮನ್ನ ಮೇಲಕ್ಕೆ ತಳ್ಳುತ್ತೆ. ವಿಮಾನದ ರೆಕ್ಕೆ ಮಾಡೋದು ಇದನ್ನೇ. ಒಂದು ಕಾಗದ ಕೊಡಮ್ಮ."

'ಯಾಕೆ ಸಾರ್' ನೋಟ್‌ಬುಕ್ಕಿನಿಂದ ಎರಡು ಬೆರಳಗಲದ ಪಟ್ಟಿ ಹರಿದು ಕೊಟ್ಟಳು. ಮೇಷ್ಟ್ರು ಅದರ ಒಂದು ತುದಿಯನ್ನು ಕೆಳತುಟಿಗೆ ಆನಿಸಿ ಹಿಡಿದರು. ಇನ್ನೊಂದು ತುದಿ ಬಾಗಿ ಜೋತುಬಿದ್ದಿತ್ತು. ಕಾಗದದ ಮೇಲೆ, ಬರೀ ಮೇಲ್ಗಡೆ, ಜೋರಾಗಿ ಊದಿದರು. ಜೋತುಬಿದ್ದಿದ್ದ ಕಾಗದ ಎದ್ದು ನೆಟ್ಟಗೆ ನಿಂತಿತು.

"ನೋಡಿದ್ರಾ? ಊದಿದ್ದು ಮೇಲೆ, ಆದ್ರೂ ಎದ್ದಿತು. ಯಾಕೆ? ಗಾಳಿ ಬಾಗಿದ ಕಾಗದಕ್ಕೆ ಅಂಟ್ಕೊಂಡೇ ಹೋಗಿ ಕೆಳಗಡೆ ಬಾಗುತ್ತೆ. ಗಾಳಿ ಕೆಳಕ್ಕೆ, ಕಾಗದ ಮೇಲಕ್ಕೆ. ಎಲ್ರೂ ಹರ್ಕೊಳ್ಳಿ, ಊದಿ!"

ನಲವತ್ನಾಲ್ಕು ಕಾಗದಗಳು ಹರಿದವು, ನಲವತ್ನಾಲ್ಕು ಜೋಡಿ ಕೆನ್ನೆಗಳು ಉಬ್ಬಿದವು. ಎರಡನೇ ಬೆಂಚಿನ ಒಬ್ಬಳು ಊದುವ ರಭಸಕ್ಕೆ ಕಾಗದವನ್ನೇ ನುಂಗಿದಳು. ಕ್ಲಾಸಿನ ತುಂಬ ಕಾಗದಗಳು ಏಳುತ್ತ ಬೀಳುತ್ತ ಇದ್ದವು.

"ಹಾಗಾದ್ರೆ ವಿಮಾನ ತಲೆಕೆಳಗಾಗಿಯೂ ಹಾರುತ್ತಲ್ಲ, ಯಾಕೆ ಸಾರ್?"

"ತಲೆಕೆಳಗಾದ್ರೇನು? ಗಾಳಿಗೆ ಓರೆಯಾಗಿ ನಿಂತು ಅದನ್ನ ಕೆಳಕ್ಕೆ ತಳ್ತಾ ಇದ್ರೆ ಆಯ್ತು!"

ಹಿಂದಿನಿಂದ ಪುಸ್ ಎಂಬ ಸದ್ದು ಬಂತು. ಎಲ್ಲರೂ ತಿರುಗಿದರು. ಸಾಹೇಬರು ತಮ್ಮ ಫೈಲಿನಿಂದಲೇ ಒಂದು ಪಟ್ಟಿ ಹರಿದು ತುಟಿಗೆ ಹಿಡಿದು ಊದುತ್ತಿದ್ದರು. ಮೂರನೇ ಸಲಕ್ಕೆ ಅದು ಎದ್ದು ನಿಂತಿತು. ಆ ದೊಡ್ಡ ಆಳು ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಗಂಟೆ ಹೊಡೆದ ಮೇಲೆ ಹೆಡ್‌ಮಿಸ್ಸು ಮೇಷ್ಟ್ರನ್ನು ಕಾರಿಡಾರಿನ ಮೂಲೆಗೆ ಎಳೆದರು. "ಏನ್ಸಾರ್ ಹೀಗ್ಮಾಡಿದ್ರಿ? ಆ ಪುಸ್ತಕ ಪಾಸು ಮಾಡಿದ ಸಮಿತೀಲಿ ಸಾಹೇಬ್ರೂ ಇದ್ರು!"

ಸಾಹೇಬರು ಹೆಡ್‌ಮಿಸ್ಸಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ವರದಿ ಬರೆಯುತ್ತಿದ್ದರು. ಮೂರೂವರೆಯವರೆಗೆ ಬರೆದರು. ಆಮೇಲೆ ಎಲ್ಲರನ್ನೂ ಕರೆಸಿದರು.

"ಆ ಪಾಠ ಓದಿದಾಗ ನನಗೂ ಅದೇ ಅನುಮಾನ ಬಂದಿತ್ತು ಕಣ್ರೀ," ಎಂದರು. "ಗಾಳಿಗೇನು ಅಷ್ಟು ಅವಸರ ಅಂತ. ಕೇಳೋಕೆ ನಾಚಿಕೆಯಾಗಿ ಸಹಿ ಹಾಕ್ಬಿಟ್ಟೆ. ಇವತ್ತು ನಿಮ್ಮಿಂದ ಗೊತ್ತಾಯ್ತು. ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಇಂಥ ಪಾಠ ನಾನು ನೋಡಿಲ್ಲ."

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಖಾಲಿಯಾದ ಮಲಗುವ ಕೋಣೆ, ಮಂಚದ ಪಕ್ಕ ಹಾಸಿಗೆ, ನೆಮ್ಮದಿಯಾಗಿ ಮಲಗಿದ ಅತ್ತೆ, ಬಿಸಿ ಕಾಫಿ ಹಿಡಿದು ನಗುತ್ತ ಬರುವ ಹೆಂಡತಿ ಎಲ್ಲರೂ ಒಟ್ಟಿಗೆ ಕಾಣಿಸಿದರು.

ಸಾಹೇಬರು ಕನ್ನಡಕ ಹಾಕಿ ವರದಿ ಓದಿದರು. "ಈ ಶಿಕ್ಷಕರು ಯಾವುದೇ ಉಪಕರಣವಿಲ್ಲದೆ, ವಿದ್ಯುತ್ತೂ ಇಲ್ಲದೆ, ಒಂದು ಕಾಗದದ ಚೂರಿನಿಂದ ಇಡೀ ಪಾಠವನ್ನು ಮನಮುಟ್ಟುವಂತೆ ಬೋಧಿಸಿರುತ್ತಾರೆ. ಆದ್ದರಿಂದ ಈ ಶಾಲೆಗೆ ಪ್ರತ್ಯೇಕ ಪ್ರಯೋಗಾಲಯದ ಅವಶ್ಯಕತೆ ಕಂಡುಬರುವುದಿಲ್ಲ. ಖಾಲಿ ಇರುವ ಕೋಣೆಯನ್ನು ಆಟದ ಸಾಮಾನಿಗೆ ಕೊಡಬಹುದು."

"ಸಾರ್!" ಮೇಷ್ಟ್ರು ಚೀರಿದರು. "ಉಪಕರಣ ಬೇಕು ಸಾರ್! ಬಹಳ ಬೇಕು! ನನ್ನ ಹತ್ರ ಸುರಂಗ ಇದೆ ಸಾರ್, ಡ್ರೈಯರ್ ಇದೆ..."

"ಇದ್ದೂ ಮುಟ್ಟಲಿಲ್ಲ ನೋಡಿ!" ಸಾಹೇಬರು ಹೆಡ್‌ಮಿಸ್ಸಿನ ಕಡೆ ತಿರುಗಿದರು. "ಎಷ್ಟು ಸರಳ ಮನುಷ್ಯ!"

"ಜವಾಬ್ದಾರಿಯೂ ಹಾಗೇ ಸಾರ್," ಎಂದು ಹೆಡ್‌ಮಿಸ್ಸು ರಿಜಿಸ್ಟರು ಮುಂದಿಟ್ಟರು. "ಮೂರು ವರ್ಷದಿಂದ ಶಾಲೆ ಸಾಮಾನೆಲ್ಲ ಇವರ ಮನೇಲೇ ಇದೆ. ನೂರ ಹನ್ನೆರಡಕ್ಕೆ ನೂರ ಹನ್ನೆರಡೂ ಇವತ್ತು ಬೆಳಿಗ್ಗೆ ಟಿಕ್ ಆಗಿದೆ ನೋಡಿ. ಒಂದೂ ಕಳೆದಿಲ್ಲ."

"ಹೌದಾ?" ಸಾಹೇಬರು ಪೆನ್ನು ಮತ್ತೆ ತೆಗೆದರು. "ನಮ್ಮ ಬೇರೆ ಎರಡು ಶಾಲೆಗಳಲ್ಲಿ ಇಲಿ ಕಾಟ. ಸಾಮಾನೆಲ್ಲ ಹಾಳಾಗ್ತಿದೆ. ಇಲಿ ಹಿಡಿಸೋವರೆಗೆ ಅದನ್ನೂ ಇವರ ಮನೆಗೇ ಕಳಿಸೋಣ. ಏನ್ ಮೇಷ್ಟ್ರೇ? ಒಂದೇ ಒಂದು ವಾರ."

ಮೇಷ್ಟ್ರು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ತಲೆ ತಾನಾಗಿಯೇ ಆಡಿತೋ ಅಥವಾ ನಡುಗಿತೋ ಗೊತ್ತಿಲ್ಲ. ಸಾಹೇಬರು ಒಪ್ಪಿಗೆ ಎಂದೇ ಬರೆದುಕೊಂಡರು.

ಹೊರಗೆ ಬಂದರೆ ಸುರಂಗ ಕ್ಲಾಸಿನಲ್ಲಿರಲಿಲ್ಲ. ಡ್ರಿಲ್ ಮೇಷ್ಟ್ರು ಓಡಿ ಬಂದು ಕೈ ಹಿಡಿದುಕೊಂಡರು. "ನಿಮ್ಮ ಉಪಕಾರ ಮರೆಯಲ್ಲ ಸಾರ್! ನಿಮ್ಮ ಪಾಠದಿಂದ ನನಗೆ ಕೋಣೆ ಸಿಕ್ತು. ಪಾಠ ಮುಗೀತಲ್ಲ, ನಿಮಗ್ಯಾಕೆ ತೊಂದ್ರೆ ಅಂತ ಡಬ್ಬ, ಚೀಲ ಎಲ್ಲ ಮಧ್ಯಾಹ್ನಾನೇ ನಾನೇ ಅದೇ ಗಾಡೀಲಿ ಮನೆಗೆ ಕಳಿಸ್ಬಿಟ್ಟೆ. ಬಿಳಿ ಬೆಡ್‌ಶೀಟು ಮರೆತಿರಲಿಲ್ಲ ಸಾರ್, ನೀಟಾಗಿ ಹೊದಿಸಿದ್ದೀನಿ."

ಮೇಷ್ಟ್ರು ಮನೆ ತಲುಪಿದಾಗ ಐದೂವರೆ. ಡ್ರೈಯರು ಆಗಲೇ ಮೇಲಿನ ಮನೆಯಲ್ಲಿ ಭೋರೆನ್ನುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೈಯಲಿಲ್ಲ, ಅಳಲಿಲ್ಲ. ಅದನ್ನು ನೋಡಿಯೇ ಮೇಷ್ಟ್ರು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಬೆಳಗಿನಿಂದ ಹನ್ನೊಂದು ಜನ ಬಂದು ಅತ್ತು ಹೋದ್ರು," ಎಂದಳು. "ಮಧ್ಯಾಹ್ನ ಹೆಣ ವಾಪಸ್ ಬಂದಿದ್ದು ನೋಡಿ ಔಷಧಿ ಅಂಗಡಿಯವರಿಗೆ ತಲೆ ಸುತ್ತು ಬಂತಂತೆ. ಬನ್ನಿ ಒಳಗೆ."

ಕೋಣೆಯಲ್ಲಿ, ಮಂಚದ ಮೇಲೆ ಮೇಷ್ಟ್ರು ಮಲಗುವ ಜಾಗದಲ್ಲಿ ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲ್ಲಾಡದೆ ಮಲಗಿದ್ದರು. ಪಕ್ಕದಲ್ಲಿ ಸುರಂಗ ಮೊದಲಿನಂತೆಯೇ ಮಲಗಿತ್ತು. ಅದರ ರೆಕ್ಕೆಯನ್ನೂ ಸ್ಪ್ರಿಂಗನ್ನೂ ಬಿಚ್ಚಿ ಅಸ್ಥಿಪಂಜರದ ಕೈಗೆ ಕೊಟ್ಟಾಗಿತ್ತು. ಒಳಗಡೆ ಒಂದು ತಲೆದಿಂಬು, ಒಂದು ಹೊದಿಕೆ ಕಂಡವು.

"ಟೇಪು ಹಿಡಿದು ಅಳತೆ ನೋಡ್ದೆ," ಎಂದಳು ಹೆಂಡತಿ. "ಅದು ಆರಡಿ, ನೀವು ಐದೂಮುಕ್ಕಾಲು. ಸರಿಯಾಗಿ ಹಿಡಿಯುತ್ತೆ. ತಲೆ ಹತ್ರ ಫ್ಯಾನ್ ಬೇರೆ ಇದೆ, ಸೆಕೆ ಆಗಲ್ಲ."

ಮೇಷ್ಟ್ರು ಪ್ಲಾಸ್ಟಿಕ್ ಕಿಟಕಿಯೊಳಗೆ ಬಗ್ಗಿ ನೋಡಿದರು. ತಾವೇ ಮಾಡಿದ್ದು, ಒಳಗಡೆ ಬಹಳ ನಯವಾಗಿ ಬಣ್ಣ ಬಳಿದಿದ್ದರು.

"ಎಷ್ಟು ದಿನ ಕಣೇ?" ಎಂದರು ಕ್ಷೀಣವಾಗಿ.

ಹೆಂಡತಿ ದಿಂಬನ್ನು ತಟ್ಟಿ ಸರಿಮಾಡಿದಳು.

"ಒಂದೇ ಒಂದು ವಾರ."